ಟೋಂಗಾಕ್ಕೆ ಹೋಗುವವರು ಮೊದಲು ಭಾನುವಾರದ ಲೆಕ್ಕ ಹಾಕಿ

ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾಕ್ಕೆ ಟಿಕೆಟ್ ತೆಗೆಯುವ ಮೊದಲು ಭಾನುವಾರ ಎಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳಿ. ಅಂದು ವ್ಯಾಪಾರ ಮಾಡಬಾರದು ಎಂದು 1875ರ ಸಂವಿಧಾನದಲ್ಲೇ ಇದೆ. ಬಸ್ಸಿಲ್ಲ, ಅಂಗಡಿಯಿಲ್ಲ, ವಿಮಾನವೂ ಇಲ್ಲ.

ರಾಜಧಾನಿ ನುಕುಅಲೋಫಾದಲ್ಲಿ ನಾವು ಉಳಿದ ಗೆಸ್ಟ್‌ಹೌಸಿನವರು ಇದರ ಸುಳಿವೇ ಕೊಡಲಿಲ್ಲ. ತಿಂಡಿ ಸೇರಿಸಿ ಬಾಡಿಗೆ ಮುಂಗಡವಾಗಿ ತೆಗೆದುಕೊಂಡರು. ಭಾನುವಾರ ಬೆಳಿಗ್ಗೆ ಕೇಳಿದರೆ, ಅಡುಗೆಯವರಿಗೆ ರಜೆ! ರೂಮಿನ ಫ್ಯಾನ್ ಸರಿಯಾಗಿ ತಿರುಗುತ್ತಿರಲಿಲ್ಲ, ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ದುಡ್ಡು ವಾಪಸ್ ಕೇಳಿದ್ದಕ್ಕೆ ಮುಖ ತಿರುಗಿಸಿದರು. ನೀವು ಭಾನುವಾರದ ಊಟ ತಿಂಡಿಯ ಬಗ್ಗೆ ಮೊದಲೇ ಬರೆಸಿಕೊಳ್ಳಿ. ಶನಿವಾರವೇ ಬ್ರೆಡ್ಡು, ಬಾಳೆಹಣ್ಣು ತಂದಿಟ್ಟುಕೊಳ್ಳಿ.

ಶನಿವಾರದ ಊಟಕ್ಕೆ ಮಾತ್ರ ತಲಮಾಹು ಮಾರುಕಟ್ಟೆಯ ಕಡೆಗೇ ಹೋಗಿ. ಅಲ್ಲಿ ಹತ್ತಿರದ ಒಂದು ಪುಟ್ಟ ಅಂಗಡಿಯಲ್ಲಿ 'ಲೂ' ತಿಂದೆ. ಕೆಸುವಿನ ಎಲೆಯಲ್ಲಿ ಕೋಳಿ, ಈರುಳ್ಳಿ, ತೆಂಗಿನ ಹಾಲು ಸುತ್ತಿ ಬೇಯಿಸಿದ್ದು. ಪತ್ರೊಡೆ ತಿಂದು ಬೆಳೆದವರಿಗೆ ಎಲೆಯ ಘಮ ತಕ್ಷಣ ಗುರುತು ಸಿಗುತ್ತದೆ, ಆದರೆ ಇಲ್ಲಿ ಖಾರವಿಲ್ಲ. ಎಲೆ ಬೆಣ್ಣೆಯಂತೆ ಕರಗಿತ್ತು, ಹಾಲೆಲ್ಲ ಮಾಂಸದೊಳಗೆ ಇಳಿದಿತ್ತು. ಜೊತೆಗೆ ಬೇಯಿಸಿದ ಮರಗೆಣಸು. ಹೋಟೆಲಿನ ಊಟಕ್ಕಿಂತ ತುಂಬಾ ಅಗ್ಗ, ರುಚಿ ಅದಕ್ಕಿಂತ ಜಾಸ್ತಿ. ಕಲ್ಲಂಗಡಿ, ತೆಂಗಿನಕಾಯಿ ಹಾಕಿ ಮಾಡುವ 'ಓಟಾಯಿ' ಕುಡಿಯದೆ ಬರಬೇಡಿ. ಗೋಮಾಂಸ ಬೇಡ ಅನ್ನುವವರು ಮೊದಲೇ ಕೇಳಿ, ಇಲ್ಲದಿದ್ದರೆ ಉಪ್ಪು ಹಾಕಿದ ಡಬ್ಬಿ ಗೋಮಾಂಸದ ಲೂ ಕೈಗೆ ಬರಬಹುದು.

ಭಾಷೆಯ ಬಗ್ಗೆ ಹೆದರಬೇಡಿ, ಇಂಗ್ಲಿಷ್ ನಡೆಯುತ್ತದೆ. ಆದರೆ "ಮಾಲೋ ಏ ಲೇಲೇಯಿ" ಎಂದು ನಮಸ್ಕಾರ ಹೇಳಿದರೆ ಎದುರಿಗಿದ್ದವರ ಮುಖವೇ ಅರಳುತ್ತದೆ. ತಹಾ, ಉಆ, ತೋಲು, ಅಂದರೆ ಒಂದು, ಎರಡು, ಮೂರು ಕಲಿತರೆ ಮಾರುಕಟ್ಟೆಯಲ್ಲಿ ಉಪಯೋಗ. ರಾಜನಿಗೆ, ಗಣ್ಯರಿಗೆ ಬಳಸುವ ಪದಗಳೇ ಬೇರೆ, ಅದು ಪ್ರವಾಸಿಗೆ ಬೇಕಾಗುವುದಿಲ್ಲ.

ಭಾನುವಾರ ಸುಮ್ನೆ ರೂಮಿನಲ್ಲಿ ಕೂರಬೇಡಿ, ಚರ್ಚ್‌ಗೆ ಹೋಗಿ. ಪೂಜೆ ಪೂರ್ತಿ ಟೋಂಗನ್‌ನಲ್ಲಿ. ಸೊಂಟಕ್ಕೆ ಚಾಪೆಯಂಥ 'ತಾಓವಾಲಾ' ಸುತ್ತಿಕೊಂಡ ಹಿರಿಯರು, ಹಲವು ಸ್ವರದಲ್ಲಿ ಏಳುವ ಹಾಡು, ಕಿವಿಯಲ್ಲಿ ಇನ್ನೂ ಇದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ. ಅಂಗಿಯಿಲ್ಲದೆ ಬೀದಿಯಲ್ಲಿ ಓಡಾಡುವುದು ಅಲ್ಲಿ ಕಾನೂನಿಗೆ ವಿರುದ್ಧ.

ಹೌಮಾ ಹಳ್ಳಿಯ ತೀರದಲ್ಲಿ ಬಂಡೆಯ ತೂತುಗಳಿಂದ ಚಿಮ್ಮುವ ಕಡಲ ಕಾರಂಜಿಗಳನ್ನು ಉಬ್ಬರದ ಹೊತ್ತಿನಲ್ಲಿ ನೋಡಿ. ಕ್ರೂಸ್ ಹಡಗು ಬಂದಿದ್ದರೆ ಆ ದಿನ ಬಿಟ್ಟುಬಿಡಿ, ಗದ್ದಲ ನನಗಂತೂ ಆಗುವುದಿಲ್ಲ. ತಿಮಿಂಗಿಲಕ್ಕೆ ಜುಲೈನಿಂದ ಅಕ್ಟೋಬರ್‌ವರೆಗೆ, ವವಾಉ ದ್ವೀಪಗಳಿಗೆ. ಅಲ್ಲಿಗೆ ಹೋಗುವುದಾದರೂ ಭಾನುವಾರ ಬಿಟ್ಟು ಹೊರಡಿ.