ಎರಡು ಸೀಲ್ ಅದಲು ಬದಲಾಗಿ ಆದ ಫಜೀತಿ

ತುಮಕೂರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೋನು ನಾನು, ಈಗ ಅಮೆರಿಕದ ಟೆಕ್ಸಾಸಲ್ಲಿ ಒಂದು ಕ್ಲಿನಿಕ್‌ನಲ್ಲಿ ಡ್ರಗ್ ಟೆಸ್ಟಿಗೆ ಸ್ಯಾಂಪಲ್ ತಗೊಳೋ ಕೆಲಸ ಮಾಡ್ತೀನಿ. ಊರಲ್ಲಿ ಯಾರಾದ್ರೂ ಕೇಳಿದ್ರೆ ಅಮ್ಮ "ಲ್ಯಾಬಲ್ಲಿದಾನೆ" ಅಂತಷ್ಟೇ ಹೇಳ್ತಾರೆ, ಉಚ್ಚೆ ಬಾಟ್ಲಿ ವಿಷಯ ಎತ್ತಲ್ಲ.

ನಮ್ಮಲ್ಲಿಗೆ ಬರೋರು ಜಾಸ್ತಿ ಲಾರಿ ಡ್ರೈವರ್‌ಗಳು, ಪೊಲೀಸರೂ ಬರ್ತಾರೆ. ಡ್ರೈವರ್‌ಗಳಿಗೆ ಕೇಂದ್ರ ಸಾರಿಗೆ ಇಲಾಖೆದು ಪಾರ್ಟ್ 40 ಅಂತ ರೂಲ್ ಇದೆ, ಇಡೀ ದೇಶಕ್ಕೆ ಒಂದೇ. ಪೊಲೀಸರಿಗೆ ಹಂಗೇನಿಲ್ಲ, ಒಂದೊಂದು ಕಡೆ ಒಂದೊಂದು ಪಾಲಿಸಿ. ನ್ಯೂಜೆರ್ಸಿಲಿ ರಾಜ್ಯದ ಅಟಾರ್ನಿ ಜನರಲ್ಲೇ 2018ರಲ್ಲಿ ಆರ್ಡರ್ ಮಾಡಿದ್ರು, ಪ್ರತಿ ಡಿಪಾರ್ಟ್‌ಮೆಂಟೂ ವರ್ಷಕ್ಕೆ 2 ಸಲನಾದ್ರೂ, ಸಲಕ್ಕೆ 100ಕ್ಕೆ 10 ಜನರನ್ನಾದ್ರೂ ಚೀಟಿ ಎತ್ತಿದ ಹಂಗೆ ಆರಿಸಿ ಟೆಸ್ಟ್ ಮಾಡಿಸ್ಬೇಕು, ಕೊಡಲ್ಲ ಅಂದ್ರೆ ಕೆಲಸಕ್ಕೇ ಕುತ್ತು. ನಮಗೆ ಬರೋ ಊರಿನ ಪೊಲೀಸರ ಪಾಲಿಸಿ ಅವರದೇ, ಸ್ಯಾಂಪಲ್ ತಗೊಳೋ ಕ್ರಮ ಮಾತ್ರ ಪಾರ್ಟ್ 40 ನೋಡ್ಕೊಂಡು ಮಾಡಿರೋದು.

ಡ್ರೈವರ್ ಬಂದ್ರೆ ಜೇಬು ಖಾಲಿ ಮಾಡಿ ಅಂತೀವಿ, ಮುಗೀತು. ಪೊಲೀಸಪ್ಪನ ಸೊಂಟದಲ್ಲಿ ಗನ್ನು ಇರುತ್ತಲ್ಲ, ಅದನ್ನ ನಾನು ಮುಟ್ಟೋ ಹಂಗಿಲ್ಲ, ಟಾಯ್ಲೆಟ್ಟಿಗೆ ಬೆಲ್ಟ್ ಸಮೇತ ಬಿಡೋ ಹಂಗೂ ಇಲ್ಲ, ಹಂಗಾಗಿ ಜೊತೇಲಿ ಅವರ ಮೇಲಧಿಕಾರಿ, ಒಬ್ಬ ಲೆಫ್ಟಿನೆಂಟ್, ಬಂದು ಅದನ್ನ ಹಿಡ್ಕೊಂಡು ಕೂತಿರ್ತಾರೆ. ನಲ್ಲಿಗೆ ಟೇಪು, ಕಮೋಡ್ ನೀರಿಗೆ ನೀಲಿ ಬಣ್ಣ, ಯಾಕಂದ್ರೆ ಅದೇ ನೀರು ಬೆರೆಸಿ ತಂದ್ಬಿಟ್ರೆ? ಕಪ್ ಕೈಗೆ ಬಂದ 4 ನಿಮಿಷದೊಳಗೆ ಬಿಸಿ ನೋಡ್ಬೇಕು, 90ರಿಂದ 100 ಫ್ಯಾರನ್‌ಹೀಟ್ ಇರ್ಬೇಕು. ಆಮೇಲೆ ಒಂದು ಬಾಟ್ಲಿಗೆ 30 ಎಂಎಲ್, ಇನ್ನೊಂದಕ್ಕೆ 15, ಅವರದೇ ಫಾರ್ಮಿಂದ ಸೀಲ್ (ಫಾರ್ಮಿನ ನಂಬರೇ ಇರೋ ಸ್ಟಿಕ್ಕರ್) ಕಿತ್ತು ಅವರ ಕಣ್ಣೆದುರೇ ಅಂಟಿಸಿ ಇನಿಶಿಯಲ್ ಹಾಕಿಸ್ಬೇಕು.

ನಾನು ಎಡವಿದ್ದು ಈ ಸೀಲ್‌ನಲ್ಲೇ. ಮಧ್ಯಾಹ್ನ ಊಟದ ಟೈಮು, ಇಬ್ಬರು ಆಫೀಸರ್‌ಗಳು ಒಟ್ಟಿಗೇ ಬಂದ್ರು, ಲೆಫ್ಟಿನೆಂಟ್ ಗಡಿಯಾರ ನೋಡ್ತಾ ಇದ್ರು, ನಾನು ಬುದ್ಧಿವಂತಿಕೆ ಮಾಡಕ್ಕೋಗಿ ಎರಡೂ ಫಾರ್ಮ್ ಒಂದೇ ಪ್ಯಾಡ್ ಮೇಲೆ ಇಟ್ಕೊಂಡೆ. ಒಬ್ಬರದು ಪೂರ್ತಿ ಮುಗಿಸಿ ಪ್ಯಾಕ್ ಮಾಡಿ ಆಮೇಲೆ ಇನ್ನೊಬ್ಬರು ಅನ್ನೋದು ಟ್ರೈನಿಂಗಲ್ಲಿ ಮೊದಲನೇ ದಿನದ ಪಾಠ. ಮೊದಲನೇವರ ಬಾಟ್ಲಿಗೆ ಎರಡನೇ ಫಾರ್ಮಿನ ಸೀಲ್ ಅಂಟಿಸಿದೀನಿ, ಎರಡನೇವರಿಗೆ ಉಳಿದಿದ್ದು. ಅವರೂ ನಂಬರ್ ನೋಡಿಲ್ಲ, ಸಹಿ ಹಾಕಿ ಹೋದ್ರು. ಲ್ಯಾಬಲ್ಲಿ ಫಾರ್ಮಿನ ನಂಬರಿಗೂ ಬಾಟ್ಲಿ ನಂಬರಿಗೂ ತಾಳೆ ಆಗ್ಲಿಲ್ಲ, ಬಾಟ್ಲಿ ತೆಗೀಲೇ ಇಲ್ಲ, ಎರಡೂ ಕ್ಯಾನ್ಸಲ್. ಇದಕ್ಕೆ ತಿದ್ದುಪಡಿ ಅಂತ ಇಲ್ಲ, ಒಂದು ಪತ್ರ ಬರ್ಕೊಟ್ಟು ಸರಿ ಮಾಡೋ ತಪ್ಪಲ್ಲ ಇದು.

ನನಗೆ ಶಿಕ್ಷೆ ಅಂದ್ರೆ ಮರು ಟ್ರೈನಿಂಗು, 3 ಡಮ್ಮಿ ಕಲೆಕ್ಷನ್ ಸಾಲಾಗಿ ತಪ್ಪಿಲ್ದಂಗೆ ಮಾಡಿ ತೋರಿಸ್ಬೇಕು, ಅದಕ್ಕೆ ಸಹೋದ್ಯೋಗಿಯೊಬ್ಳು ಉಚ್ಚೆ ಬದಲು ಕಪ್ಪಲ್ಲಿ ಬಿಸಿ ಟೀ ತಂದುಕೊಟ್ಳು. ಅದು ನಗೋ ವಿಷಯ. ನಗು ಬರದೇ ಇದ್ದಿದ್ದು ಆ ಇಬ್ಬರು ಎರಡು ವಾರ ಬಿಟ್ಟು ವಾಪಸ್ ಬಂದಾಗ. ಅದರಲ್ಲೊಬ್ಬರು ಸಾರ್ಜೆಂಟ್, ಸ್ಟೇಷನ್ನಲ್ಲಿ ಎಲ್ಲರೂ "ನಿಮ್ಮಿಬ್ಬರನ್ನೇ ಯಾಕೆ ಮತ್ತೆ ಕರೆದ್ರು" ಅಂತ ಕೇಳಿದಾರಂತೆ. ಕ್ಯಾನ್ಸಲ್ ಅಂದ್ರೆ ಪಾಸೂ ಅಲ್ಲ ಫೇಲೂ ಅಲ್ಲ ಅಂತ ಯಾರಿಗೆ ಬಿಡಿಸಿ ಹೇಳ್ತಾ ಕೂರೋದು ಪಾಪ. ನಾನು ಸಾರಿ ಕೇಳಿದೆ. ಸಾರ್ಜೆಂಟ್ ಅದಕ್ಕೇನೂ ಹೇಳದೆ, ಇದನ್ನೆಲ್ಲ ಮಾಡ್ಸಕ್ಕೆ ಕಾನೂನಲ್ಲಿ ಜಾಗ ಇದೆಯಾ ಅಂತ ಲೆಫ್ಟಿನೆಂಟನ್ನೇ ಕೇಳಿದ್ರು. ಕಸ್ಟಮ್ಸ್ ನೌಕರರ ಯೂನಿಯನ್ ಸುಪ್ರೀಂ ಕೋರ್ಟ್ ತನಕ ಹೋಗಿತ್ತು, 1989ರಲ್ಲಿ, ಗನ್ ಹಿಡಿಯೋರಿಗೆ ಟೆಸ್ಟ್ ಮಾಡ್ಬಹುದು ಅಂತ 5-4ರಲ್ಲಿ ತೀರ್ಪಾಯ್ತು ಅಂದ್ರು ಲೆಫ್ಟಿನೆಂಟ್.

ಇನ್ನೊಬ್ಬರು ಬೆಳಗ್ಗೆ ಗಸಗಸೆ ಹಾಕಿರೋ ಬನ್ ತಿಂದಿದ್ರಂತೆ, ಅದಕ್ಕೇನಾದ್ರೂ ಪಾಸಿಟಿವ್ ಬರುತ್ತಾ ಅಂತ ಗಾಬರಿ. ನಮ್ಮ ಮನೇಲಿ ಹಬ್ಬಕ್ಕೆ ಲೋಟಗಟ್ಟಲೆ ಗಸಗಸೆ ಪಾಯಸ ಕುಡಿಯೋರು ನಾವು! ಗಸಗಸೆ ತಿಂದೋರಿಗೂ ಪಾಸಿಟಿವ್ ಬರ್ತಿತ್ತು ಅನ್ನೋ ಕಾರಣಕ್ಕೇ 1998ರಲ್ಲಿ ಓಪಿಯೇಟ್ (ಅಫೀಮಿನ ಜಾತಿಯ ಡ್ರಗ್) ಮಿತಿನ ಮಿಲಿಲೀಟರಿಗೆ 300 ನ್ಯಾನೋಗ್ರಾಮಿಂದ 2000ಕ್ಕೆ ಏರಿಸಿದ್ರು. ಆದ್ರೆ ಏನು ತಿಂದ್ರಿ, ಯಾವ ಮಾತ್ರೆ ತಗೊಂಡ್ರಿ ಅಂತ ನಾನು ಮಾತಾಡೋ ಹಂಗಿಲ್ಲ, ರಿಸಲ್ಟ್ ನೋಡೋ ಡಾಕ್ಟರ್ ಫೋನ್ ಮಾಡಿದ್ರೆ ಅವರಿಗೆ ಹೇಳಿ ಅಂದು ಸುಮ್ಮನಾದೆ.

ಸಾರ್ಜೆಂಟ್ ಈ ಸಲ ಸೀಲ್ ಕೀಳಕ್ಕೇ ಬಿಡ್ಲಿಲ್ಲ, ಕನ್ನಡಕ ಹಾಕ್ಕೊಂಡು ಫಾರ್ಮಿನ ನಂಬರ್ ಒಂದೊಂದಾಗಿ ಜೋರಾಗಿ ಓದಿದ್ರು, ಆಮೇಲೆ ಬಾಟ್ಲಿದು ನನ್ ಕೈಲಿ ಓದಿಸಿದ್ರು, ಎರಡು ಸಲ.