ತಳೆ, ಮಣೆ, ಮಿಣಿ: ಅಡಿಕೆ ಮರ ಏರುವ ಕಲಿಕೆಯ ಎರಡನೆಯ ವರ್ಷದ ದಾಖಲೆ

ಶಿರಸಿಯ ಸಮೀಪದ ನಮ್ಮ ತೋಟದ ಕೆಳಗಿನ ಅಂಚಿನಲ್ಲಿ, ಹಳ್ಳಕ್ಕೆ ತಾಗಿದ ಪಟ್ಟಿಯಲ್ಲಿ, 38 ಹಳೆಯ ಅಡಿಕೆ ಮರಗಳಿವೆ. ಉಳಿದ ತೋಟದ ಕೊಯ್ಲೂ ಔಷಧಿ ಸಿಂಪಡಣೆಯೂ ಮೂರು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದ ಮೇಲಿಂದಲೇ ನಡೆಯುತ್ತಿವೆ. ಈ ಪಟ್ಟಿಯಲ್ಲಿ ಮಾತ್ರ ಜಾಯಿಕಾಯಿ ಗಿಡಗಳೂ ಬಾಳೆಯೂ ನಡುವೆ ಬೆಳೆದು ನಿಂತಿರುವುದರಿಂದ ದೋಟಿ ತಿರುಗಿಸಲು ಜಾಗವಿಲ್ಲ, ಕೆಳಗೆ ಬಲೆ ಹಿಡಿಯಲು ಮೊದಲೇ ಇಲ್ಲ. ನಮ್ಮಲ್ಲಿ ನಲವತ್ತು ವರ್ಷ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ದ ಕೊನೆಗೌಡರು (ಮರ ಏರುವ ಕಸುಬಿನವರು) ಮಂಡಿನೋವಿನಿಂದಾಗಿ ಮರ ಏರುವುದನ್ನು ಕಡಿಮೆ ಮಾಡಿದ ಮೇಲೆ, ಆ 38 ಮರಗಳ ಫಸಲು ಉದುರಿದಾಗ ಹೆಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತಾಗಿತ್ತು. ಅವುಗಳ ಒಂದು ಪೂರ್ಣ ವರ್ಷದ ಕೆಲಸವನ್ನು ನಾನೇ ಏರಿ ಮಾಡಬೇಕೆಂದು 2023ರ ಅಕ್ಟೋಬರಿನಲ್ಲಿ ಗೌಡರ ಬಳಿ ಕಲಿಯತೊಡಗಿದೆ. 2024ರ ಮೇ ತಿಂಗಳಿಂದ 2025ರ ಫೆಬ್ರುವರಿಯವರೆಗೆ ಆದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲ ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಆನ್‌ಲೈನಿನಲ್ಲಿ ಒಂದು ಮರ ಏರುವ ಸಾಧನವನ್ನು ತರಿಸಿದ್ದೆ. ಎರಡು ಕಾಲುಗಳಿಗೆ ಎರಡು ಕಬ್ಬಿಣದ ಚೌಕಟ್ಟುಗಳುಳ್ಳ ಆ ಸಾಧನ ತೆಂಗಿನ ಮರದ ಸುತ್ತಳತೆಗೆ ತಕ್ಕುದಾಗಿತ್ತು. ಮಾರಿದವರು ಅಡಿಕೆಗೂ ಆಗುತ್ತದೆ ಎಂದಿದ್ದರು. ತಂತಿಯನ್ನು ಕೊನೆಯ ತೂತಿಗೆ ಬಿಗಿದರೂ ನಮ್ಮ ಮರಗಳಿಗೆ ಅದು ಸಡಿಲವೇ ಆಗಿ, ಪ್ರತಿ ಹೆಜ್ಜೆಗೂ ಒಂದು ಬೆರಳಿನಷ್ಟು ಜಾರಿ, ತೊಗಟೆಯನ್ನು ಕೆರೆಯುತ್ತಿತ್ತು. ಅಡಿಕೆ ಮರಕ್ಕೆ ಆದ ಗಾಯ ಮಾವಿನ ಮರದ ಗಾಯದಂತೆ ಮುಚ್ಚಿಕೊಳ್ಳುವುದಿಲ್ಲ. ತಾಳೆಯ ಜಾತಿಯ ಮರಗಳಲ್ಲಿ ಕಾಂಡವನ್ನು ದಪ್ಪಗೊಳಿಸುತ್ತ ಹೊಸ ತೊಗಟೆ ಕಟ್ಟುವ ಪದರವೇ ಇಲ್ಲವಾದ್ದರಿಂದ ಒಮ್ಮೆ ಆದ ಕಚ್ಚು ಮರ ಇರುವತನಕ ಇರುತ್ತದೆ. ಸಾಧನವನ್ನು ಅಟ್ಟಕ್ಕೆ ಹಾಕಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ರೂಪಿಸಿದ, ಕುಳಿತು ಏರುವ ಮೋಟಾರು ಯಂತ್ರದ ಬಗ್ಗೆಯೂ ಯೋಚಿಸಿದೆ. ಆದರೆ ಹಳ್ಳದಂಚಿನ ಈ ಇಳಿಜಾರಿನಲ್ಲಿ ಕಾದಿಗೆಗಳನ್ನು (ನೀರು ಬಸಿಯುವ ಕಾಲುವೆಗಳನ್ನು) ದಾಟಿಸುತ್ತ ಯಂತ್ರವನ್ನು ಮರದಿಂದ ಮರಕ್ಕೆ ಹೊರುವುದು ನನ್ನೊಬ್ಬನಿಂದ ಆಗುವ ಕೆಲಸವಲ್ಲ. ಹೀಗೆ ಉಳಿದದ್ದು ತಳೆ.

ತಳೆ ಎಂದರೆ ಪಾದಗಳಿಗೆ ಹಾಕಿಕೊಳ್ಳುವ ಬಳೆಯಾಕಾರದ ಹಗ್ಗ, ಇನ್ನೇನೂ ಅಲ್ಲ. ಎರಡೂ ಪಾದಗಳನ್ನು ಅದರೊಳಗೆ ತೂರಿಸಿ, ಅಂಗಾಲುಗಳು ಮರದ ಎರಡು ಮಗ್ಗುಲನ್ನು ಒತ್ತುವಂತೆ ಇಟ್ಟುಕೊಂಡರೆ, ಮೈಭಾರ ಪಾದಗಳನ್ನು ಹೊರಕ್ಕೆ ತಳ್ಳುತ್ತದೆ, ತಳೆ ಅವುಗಳನ್ನು ಒಳಕ್ಕೆ ಎಳೆಯುತ್ತದೆ, ಮರ ನಡುವೆ ಸಿಕ್ಕಿಬೀಳುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಅಳತೆ ತಪ್ಪಿದರೆ ಮಾತ್ರ ಎಲ್ಲವೂ ತಪ್ಪುತ್ತದೆ: ತಳೆ ದೊಡ್ಡದಾದರೆ ಪಾದಗಳು ಮರದ ಹಿಂಬದಿಗೆ ಜಾರುತ್ತವೆ, ಚಿಕ್ಕದಾದರೆ ಹರಡಿನ ಮೂಳೆ ತಿರುಚುತ್ತದೆ. ನಾನು ನೈಲಾನ್ ಹಗ್ಗದಲ್ಲಿ ಮಾಡಿಕೊಂಡ ಮೊದಲ ತಳೆ ಗಟ್ಟಿಯಾಗಿತ್ತು, ನೋಡಲೂ ಚೆನ್ನಾಗಿತ್ತು. ಹನ್ನೆರಡು ಅಡಿ ಎತ್ತರದಲ್ಲಿ ಅದು ನುಣುಪಾದ ಕಾಂಡದ ಮೇಲೆ ಸರ್ರನೆ ಜಾರಿದಾಗ ಎದೆಯಿಂದ ಹೊಟ್ಟೆಯವರೆಗೆ ಚರ್ಮ ಕಿತ್ತುಬಂತು. ಈಗ ಬಳಸುವುದು ಗೌಡರು ತೋರಿಸಿಕೊಟ್ಟದ್ದು: ಒಳಗೆ ತೆಂಗಿನ ನಾರಿನ ಹಗ್ಗ, ಅದರ ಮೇಲೆ ಗೋಣಿತಾಟಿನ ಬಿಗಿ ಸುತ್ತು, ಪಾದಗಳ ನಡುವೆ ಒಂದು ಗೇಣು ಅಂತರ. ಏರುವ ಮೊದಲು ಅದನ್ನು ನೀರಿನಲ್ಲಿ ಅದ್ದಿ ಹಿಂಡುತ್ತೇನೆ. ಒದ್ದೆ ಗೋಣಿ ಒಣ ಗೋಣಿಗಿಂತ ಚೆನ್ನಾಗಿ ಕಚ್ಚುತ್ತದೆ.

ಕೈಗಳಿಂದ ಮೈಯನ್ನು ಎಳೆದುಕೊಳ್ಳುವುದು ನನ್ನ ಹಳೆಯ ತಪ್ಪು. ಹತ್ತು ಅಡಿಗೇ ಮೊಣಕೈ ನಡುಗುತ್ತಿತ್ತು. ಕೆಳಗೆ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಗೌಡರು ಅದನ್ನು ಬಹಳ ಹೊತ್ತು ನೋಡಿ, "ಹೆಗಡೇರೆ, ಮರನ ತಬ್ಬಬೇಡಿ. ಕಾಲ ಮೇಲೆ ನಿಂತ್ಕಳಿ. ಕೈ ಬರೀ ಹಿಡ್ಕಳಕ್ಕೆ," ಎಂದರು. ಮಂಡಿಗಳನ್ನು ಎದೆಯತ್ತ ಎಳೆದುಕೊಂಡು, ಪಾದ ಊರಿ, ಮೇಲೆದ್ದು ನಿಂತು, ಆಮೇಲೆ ಕೈ ಮೇಲಕ್ಕೆ ಸರಿಸುವುದು, ಕಪ್ಪೆ ಏಳುವಂತೆ. ಈ ಕ್ರಮ ಮೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಬಂದ ಮೇಲೆ ನಲವತ್ತು ಅಡಿಯ ಮರಕ್ಕೆ ಸುಮಾರು ಮೂವತ್ತು ಎಳೆತ ಸಾಕಾಗುತ್ತದೆ.

2024ರ ಮೇ ತಿಂಗಳಲ್ಲಿ ಗೌಡರು ನನ್ನನ್ನು ಒಂದು ಮರವನ್ನೂ ಏರಗೊಡದೆ ಎರಡು ದಿನ ಬುಡಗಳನ್ನು ಮಾತ್ರ ತೋರಿಸಿದರು. ಆಗ ಕೊಂಚ ಬೇಸರವಾದದ್ದು ನಿಜ. ಪಟ್ಟಿಯ ನೈಋತ್ಯದ ಅಂಚಿನಲ್ಲಿ ಸಂಜೆಯ ಬಿಸಿಲು ನೇರವಾಗಿ ಕಾಂಡಕ್ಕೆ ಹೊಡೆಯುವ ನಾಲ್ಕು ಮರಗಳಿದ್ದವು. ಬಿಸಿಲು ಬಿದ್ದ ಬದಿ ಹೊಂಬಣ್ಣಕ್ಕೆ ತಿರುಗಿ, ಉದ್ದಕ್ಕೆ ಸೀಳು ಬಿಟ್ಟು, ಒಳಗೆ ಟೊಳ್ಳಾಗಿತ್ತು. ಗಾಳಿಗೆ ಮುರಿಯುವುದು ಇಂಥವೇ. ಎರಡು ಮರಗಳ ಬುಡದಲ್ಲಿ ಕಂದು ರಸ ಒಸರಿ ಒಣಗಿತ್ತು. ಅದು ಅಣಬೆ ರೋಗದ ಗುರುತು, ಬೇರು ಆಗಲೇ ಕೊಳೆತಿರುತ್ತದೆ. ಒಂದರಲ್ಲಿ ತಲೆಯಿಂದ ಆರಡಿ ಕೆಳಗೆ ಮರಕುಟಿಗ ಕೊರೆದ ಪೊಟರೆಯಿತ್ತು. ಈ ಏಳನ್ನು ಬಿಟ್ಟೆವು. ಉಳಿದ 31ರಲ್ಲಿ 11 ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿರುವುದರಿಂದ ಬುಡದಿಂದ ಏರುವಂತೆಯೇ ಇಲ್ಲ. ಪಕ್ಕದ ಮರದ ತಲೆಯಿಂದ ದಾಟಿ ಹೋಗಬೇಕು. ಅಂದರೆ ನಾನು ತಳೆ ಹಾಕಬಹುದಾದ ಮರಗಳು ಇಪ್ಪತ್ತೇ.

ಮುಂಗಾರಿಗೆ ಮೊದಲ ಕೆಲಸ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಸಿಂಪಡಣೆ. ನಮ್ಮ ಅಜ್ಜನ ಕಾಲದಲ್ಲಿ ಪ್ರತಿ ಕೊನೆಗೂ ಕೊಟ್ಟೆ (ಹೊದಿಕೆ) ಕಟ್ಟಿ ಮಳೆ ತಪ್ಪಿಸುತ್ತಿದ್ದರು. ಅದನ್ನೂ ಕೊನೆಗೌಡರೇ ಮರದ ಮೇಲೆ ಕುಳಿತು ಕಟ್ಟಬೇಕಿತ್ತು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು 1885ರ ಸುಮಾರಿಗೆ ಬಳಕೆಗೆ ಬಂದ ಬೋರ್ಡೋ ದ್ರಾವಣವನ್ನು ಅಡಿಕೆಯ ಕೊಳೆಗೆ ಮದ್ದಾಗಿ ತಂದವರು ಮೈಸೂರು ಸರ್ಕಾರದ ಶಿಲೀಂಧ್ರ ತಜ್ಞರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆ ರೋಗದ ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಮರ ಏರುವವರ ಪಾಲಿಗೆ ಕೊಟ್ಟೆಯ ಜಾಗದಲ್ಲಿ ಪೈಪು ಬಂತು ಎಂದು ಇದನ್ನು ಓದಿಕೊಳ್ಳಬಹುದು.

ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳಪಿರುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ತುಕ್ಕಿನಂಥ ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಈ ಭಾಗವೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಪೈಪಿನ ಭಾರ. ದ್ರಾವಣ ತುಂಬಿದ ನಲವತ್ತೈದು ಅಡಿ ಪೈಪನ್ನು ಮನೆಯಲ್ಲಿ ತೂಗಿ ನೋಡಿದಾಗ ನಾಲ್ಕು ಕಿಲೋ ಸಮೀಪ ಬಂತು, ಮತ್ತು ಮರದ ಮೇಲೆ ಅದು ಸುಮ್ಮನೆ ತೂಗುವುದಿಲ್ಲ, ಪಂಪು ಶುರುವಾದೊಡನೆ ಹಾವಿನಂತೆ ಹೊರಳಿ ಮೈಯನ್ನು ಹಿಂದಕ್ಕೆ ಜಗ್ಗುತ್ತದೆ. ಮೊದಲ ದಿನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಒದ್ದಾಡಿದೆ. ಎರಡನೆಯ ದಿನ ಗೌಡರ ಮಾತಿನಂತೆ ಪೈಪನ್ನು ಮರಕ್ಕೇ ಒಂದು ಸುತ್ತು ಕಟ್ಟಿ, ತುದಿಯ ಮೂರು ಅಡಿಯನ್ನು ಮಾತ್ರ ಕೈಯಲ್ಲಿ ಹಿಡಿದೆ. ಹೀಗೆ ಮಾಡಿದಾಗ ಭಾರ ಮರದ್ದು, ಗುರಿ ನನ್ನದು. ಕೊನೆಗಳಿಗೆ ಕೆಳಗಿನಿಂದ ಹೊಡೆದು ಮುಗಿಸದೆ, ಒಳಗಿನ ಎಸಳುಗಳ ಸಂದಿಗೂ ಇಳಿಯುವಂತೆ ಬಿಡಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಏರಿದ ಒಂದು ಬೆಳಗಿನ ಉರಿ ಮಧ್ಯಾಹ್ನದವರೆಗೂ ಇತ್ತು.

ಗೌಡರಿಗೂ ನನಗೂ ಅಭಿಪ್ರಾಯ ಭೇದ ಬಂದದ್ದು ಹಾರ್ನೆಸ್ಸಿನ, ಅಂದರೆ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ, ವಿಷಯದಲ್ಲಿ. ಅವರು ಇಡೀ ವೃತ್ತಿಜೀವನವನ್ನು ತಳೆ ಮತ್ತು ಮಣೆಯಲ್ಲಿ ಕಳೆದವರು. ಮಣೆ ಎಂದರೆ ಹಗ್ಗದಿಂದ ಮರಕ್ಕೆ ಬಿಗಿದು ಕುಳಿತುಕೊಳ್ಳುವ ಗೇಣುದ್ದದ ಹಲಗೆ. ಬೀಳದಂತೆ ತಡೆಯುವ ಸಾಧನ ಅದಲ್ಲ. ನಾನು ತರಿಸಿದ ಫುಲ್ ಬಾಡಿ ಹಾರ್ನೆಸ್ಸನ್ನು ಅವರು ತಿರುವಿ ನೋಡಿ, ತೊಡೆಯ ಪಟ್ಟಿ ಮಂಡಿಯನ್ನು ಎದೆಗೆ ಬರಗೊಡುವುದಿಲ್ಲ ಎಂದು ಏರುವ ಮೊದಲೇ ಹೇಳಿದರು. ಅದು ಹಾಗೆಯೇ ಆಯಿತು. ಪಟ್ಟಿಯನ್ನು ಎರಡು ಬೆರಳು ಸಡಿಲಿಸಬೇಕಾಯಿತು. ಇನ್ನೊಂದು ತೊಡಕೂ ಇದೆ. ಕೊಂಬೆಗಳುಳ್ಳ ಮರದಲ್ಲಿ ಹಗ್ಗವನ್ನು ಮೇಲಿನ ಕವಲಿಗೆ ಹಾಕಿ ನೇತಾಡಬಹುದು; ಅಡಿಕೆ ಮರದಲ್ಲಿ ಮೇಲೆ ನಂಬಬಹುದಾದದ್ದು ಏನೂ ಇಲ್ಲ. ಸೊಂಟದಿಂದ ಮರವನ್ನು ಸುತ್ತುವ ಹಗ್ಗ, ಲ್ಯಾನ್ಯಾರ್ಡ್, ಮಾತ್ರ ಆಧಾರ. ನಾಲ್ಕು ಅಡಿ ಎತ್ತರದಲ್ಲಿ, ಕೆಳಗೆ ದರಕು (ಒಣ ಎಲೆ) ರಾಶಿ ಹಾಕಿ, ಬೇಕೆಂದೇ ಕಾಲು ಬಿಟ್ಟು ಪರೀಕ್ಷಿಸಿದೆ. ಒಂದೇ ಸುತ್ತಿನ ಲ್ಯಾನ್ಯಾರ್ಡ್ ನನ್ನೊಂದಿಗೇ ಬುಡದವರೆಗೆ ಬಂತು. ಎರಡು ಸುತ್ತು ಹಾಕಿ, ಭಾರ ಬಿದ್ದಾಗ ಉರುಳಿನಂತೆ ಬಿಗಿಯುವ ಹಾಗೆ ಕಟ್ಟಿದಾಗ ಒಂದು ಗೇಣಿನೊಳಗೆ ನಿಂತಿತು. ಉದ್ದವನ್ನು ಒಂದೇ ಕೈಯಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಲು ಪ್ರುಸಿಕ್ ಗಂಟು ಬಳಸುತ್ತಿದ್ದೇನೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಬಳಕೆಗೆ ತಂದ, ಭಾರ ಬಿದ್ದರೆ ಕಚ್ಚುವ, ಭಾರ ತೆಗೆದರೆ ಸರಿಯುವ ಗಂಟು ಅದು. ಹಾರ್ನೆಸ್ಸಿನಲ್ಲಿ ಪ್ರಜ್ಞೆ ತಪ್ಪಿ ತೂಗಿದವರ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯವಾಗಬಹುದಾದ್ದರಿಂದ, ಏಣಿಯೂ ಇನ್ನೊಬ್ಬರೂ ಬುಡದಲ್ಲಿ ಇಲ್ಲದೆ ಏರುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ಆ ಇನ್ನೊಬ್ಬರು ಹೆಚ್ಚಿನ ದಿನ ನನ್ನ ಹೆಂಡತಿ.

ಜುಲೈಯಲ್ಲಿ ಎರಡನೆಯ ಸಿಂಪಡಣೆ. ಹಾವಸೆ ಕಟ್ಟಿದ ಕಾಂಡ, ಬಿಟ್ಟು ಬಿಟ್ಟು ಮಳೆ. ಹದಿನಾಲ್ಕು ಮರಕ್ಕೆ ನಿಲ್ಲಿಸಿದೆ. ಉಳಿದ ಆರರಲ್ಲಿ ಎರಡಕ್ಕೆ ಕೊಳೆ ಬಂದು ಕಾಯಿ ಉದುರಿತು.

ಕೊಯ್ಲು ಶುರುವಾದದ್ದು ನವೆಂಬರಿನಲ್ಲಿ. ಮೇಲೆ ತಲುಪಿದ ಮೇಲೆ ಕೈ ಎಲ್ಲಿಡಬೇಕು ಎಂಬುದೇ ಮೊದಲ ಪಾಠ. ಮರದ ತಲೆಯಲ್ಲಿ ಹಸಿರು ಹಾಳೆ, ಅಂದರೆ ಸೋಗೆಯ (ಗರಿಯ) ಅಗಲ ಬುಡ, ಕಾಂಡವನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಅದರ ಕೆಳಗಿನದು, ಸೋಗೆ ಹಳದಿಯಾದದ್ದು, ನೋಡಲು ಅಷ್ಟೇ ಭದ್ರವಾಗಿ ಕಂಡರೂ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ನಾನು ಹಿಡಿದದ್ದು ಅದನ್ನೇ. ಹಾಳೆ ಸೋಗೆಸಹಿತ ಕೈಯೊಂದಿಗೆ ಕಳಚಿ ಬಂದು, ಹಳ್ಳದ ನೀರಿಗೆ ಬಿದ್ದು, ತೇಲಿ ಹೋಯಿತು. ನಾನು ಲ್ಯಾನ್ಯಾರ್ಡಿನಲ್ಲಿ ಉಳಿದೆ. ಆ ಹಾಳೆಯ ಹಿಂದೆ ಗೂಡು ಮಾಡಿದ್ದ ಚಗಳಿ ಇರುವೆಗಳು ನನ್ನ ಕುತ್ತಿಗೆಯನ್ನು ಹಿಡಿದದ್ದು ಆಮೇಲಿನ ಮಾತು.

ಎರಡನೆಯ ಪಾಠ ಕೊನೆ ಇಳಿಸುವುದು. ಕಡಿದು ಬಿಟ್ಟರೆ ನಲವತ್ತು ಅಡಿಯಿಂದ ಬಿದ್ದ ಕೊನೆ ಚೂರಾಗಿ ಕಾಯಿ ತೋಟವೆಲ್ಲ ಹರಡುತ್ತದೆ. ಅದಕ್ಕಾಗಿ ಮರದ ತಲೆಯಿಂದ ನೆಲಕ್ಕೆ ಓರೆಯಾಗಿ ಮಿಣಿ (ಹಗ್ಗ) ಬಿಟ್ಟು, ಕೊಯ್ದ ಕೊನೆಯನ್ನು ಅದಕ್ಕೆ ಸಿಕ್ಕಿಸಿ ಜಾರಿಸುತ್ತಾರೆ. ಕೆಳಗೆ ಮಿಣಿ ಹಿಡಿದವರ ಕೈಚಳಕ ಮೇಲಿನವನದ್ದಕ್ಕಿಂತ ಕಡಿಮೆಯಲ್ಲ: ಬಿಗಿ ಹೆಚ್ಚಾದರೆ ಕೊನೆ ರಭಸದಿಂದ ಬಂದು ಅವರ ಎದೆಗೇ ಬಡಿಯುತ್ತದೆ, ಸಡಿಲವಾದರೆ ನಡುದಾರಿಯಲ್ಲಿ ಜಾಯಿಕಾಯಿ ಗಿಡದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೆಯ ದಿನದ ಹೊತ್ತಿಗೆ ನನ್ನ ಹೆಂಡತಿ, ಕೊನೆ ನೆಲಕ್ಕೆ ಹತ್ತು ಅಡಿ ಇರುವಲ್ಲಿಗೆ ಬಂದಾಗ ಮಿಣಿಯನ್ನು ಮೊಳದಷ್ಟು ಸಡಿಲಿಸಿ ನಿಧಾನಗೊಳಿಸುವುದನ್ನು ತಾನೇ ಕಂಡುಕೊಂಡಿದ್ದಳು. ನಾನು ಮಾತ್ರ ಕೆಂಪಡಿಕೆಗೆ ಬಲಿಯದ ನಾಲ್ಕು ಕೊನೆಗಳನ್ನು ಕೊಯ್ದು ಬಯ್ಗುಳ ತಿಂದೆ. ಒಂದೇ ಮರದ ಕೊನೆಗಳು ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಹಂಗಾಮಿನಲ್ಲಿ ಎರಡು ಮೂರು ಸಲ ಏರಲೇಬೇಕು, ಮತ್ತು ಯಾವುದನ್ನು ಬಿಡಬೇಕೆಂದು ಮೇಲೆ ಕುಳಿತವನೇ ತೀರ್ಮಾನಿಸಬೇಕು.

ಲೆಕ್ಕ ಹೀಗಿದೆ. ನವೆಂಬರಿನಲ್ಲಿ ಒಂದು ಬೆಳಗಿಗೆ ಮೂರು ಮರ. ಜನವರಿಯ ಕೊನೆಗೆ ಒಂಬತ್ತು. ಗೌಡರು ಗಟ್ಟಿಯಾಗಿದ್ದ ಕಾಲದಲ್ಲಿ ಇದೇ ತೋಟದಲ್ಲಿ ದಿನಕ್ಕೆ ನೂರರ ಸಮೀಪ ಮುಗಿಸುತ್ತಿದ್ದರು, ಏಕೆಂದರೆ ಅವರು ಪ್ರತಿ ಮರಕ್ಕೂ ಇಳಿದು ಏರುತ್ತಿರಲಿಲ್ಲ. ಕೊಕ್ಕೆಯಿಂದ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಿದ್ದರು. ಫೆಬ್ರುವರಿ ಮೊದಲ ವಾರ ಮೂವತ್ತು ಅಡಿಯ ಎರಡು ಎಳೆಯ ಮರಗಳ ನಡುವೆ ನಾನೂ ಒಮ್ಮೆ ದಾಟಿದೆ. ಬುಡದಲ್ಲಿ ಒಂಬತ್ತು ಅಡಿ ಅಂತರವಿರುವ ಮರಗಳು ಮೇಲೆ ಹಗ್ಗಕ್ಕೆ ಬಗ್ಗಿ ಹತ್ತಿರ ಬರುತ್ತವೆ; ಎರಡನೆಯ ಮರಕ್ಕೆ ಎರಡನೆಯ ಲ್ಯಾನ್ಯಾರ್ಡ್ ಹಾಕಿ, ಎಳೆದು ನೋಡಿ, ಆಮೇಲೆ ಮೊದಲನೆಯದನ್ನು ಬಿಚ್ಚಿದೆ. ಬಿಟ್ಟ ಮರ ಹಿಂದಕ್ಕೆ ಚಿಮ್ಮಿದಾಗ ನಾನಿದ್ದ ಮರವೂ ಇನ್ನೊಂದು ಕಡೆಗೆ ತೂಗಿತು. ಹನ್ನೊಂದು ನಿಮಿಷ ಹಿಡಿಯಿತೆಂದು ಹೆಂಡತಿ ಕೆಳಗಿಂದ ಹೇಳಿದಳು. ಗೌಡರು, "ಅಡ್ಡಿಲ್ಲೆ. ಹಳೇ ಮರಕ್ಕೆ ಇದ್ನ ಮಾಡಬೇಡಿ," ಎಂದರು.

ಆದ್ದರಿಂದ ಮೆಣಸಿನ ಬಳ್ಳಿಯ 11 ಮರಗಳಿಗೆ ಗೌಡರ ಸೋದರಳಿಯನನ್ನು ಕರೆದಿದ್ದೇವೆ. ಅವನು ದಿನದ ಕೂಲಿಗೆ ಬರುವುದಿಲ್ಲ, ಒಂದೊಂದು ಕೊನೆಗೆ ಇಷ್ಟೆಂದು ಮಾತಾಡಿದ್ದಾನೆ. ಒಂದು ಷರತ್ತನ್ನೂ ಇಟ್ಟಿದ್ದಾನೆ: ಕೆಳಗೆ ಮಿಣಿ ಹಿಡಿಯುವವರು ಅಕ್ಕನೇ ಆಗಿರಬೇಕು, ನಾನಲ್ಲ.