ಮಾತು ಕಲಿಯಲಿಕ್ಕೆ 12 ವಾರ

"ಈ ವರ್ಷ ಹುಡುಗಿಯರ ಹತ್ತಿರ ಧೈರ್ಯವಾಗಿ ಮಾತಾಡಬೇಕು" ಎಂದು ಡೈರಿಯಲ್ಲಿ ಬರೆದುಕೊಂಡರೆ ಅದು ಯೋಜನೆಯಲ್ಲ, ಹರಕೆ. ಎದುರಿನವರು ಒಪ್ಪುವುದು, ಬಿಡುವುದು ನಿಮ್ಮ ಕೈಯಲ್ಲಿಲ್ಲ. ದಿನಕ್ಕೆ ಎಷ್ಟು ಜನರ ಹತ್ತಿರ ಬಾಯಿ ಬಿಟ್ಟಿರಿ ಎನ್ನುವುದು ಇದೆ. ಲೆಕ್ಕ ಅದಕ್ಕೇ ಇಡಿ.

ಮೊದಲ 3 ವಾರ ದಿನಕ್ಕೆ 2 ಮಾತುಕತೆ, ಒಂದೊಂದೂ 2 ನಿಮಿಷದೊಳಗೆ. ಶಿರಸಿ ಬಸ್ ಸ್ಟ್ಯಾಂಡು, ಕಾರವಾರದ ಮೀನು ಮಾರ್ಕೆಟ್ಟು, ಎಲ್ಲಾದರೂ ಸರಿ. ವಯಸ್ಸು, ಗಂಡು-ಹೆಣ್ಣು ನೋಡಬೇಡಿ. "ಊಟ ಆಯ್ತಾ?" ಎಂದರೆ "ಆಯ್ತು" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಣ್ಣಿಗೆ ಬಿದ್ದದ್ದೊಂದು ಹೇಳಿ, ಅದರ ಬಾಲಕ್ಕೆ ಪ್ರಶ್ನೆ ಕಟ್ಟಿ: "ಇವತ್ತು ಬಂಗಡೆ ಸಣ್ಣದೇ ಬಂದಿದೆಯಲ್ಲ ಅಕ್ಕಾ, ದೊಡ್ಡದು ಸಿಗ್ತಾ ಇಲ್ವಾ?"

ಮುಂದಿನ 3 ವಾರ ಎರಡನೇ ಪ್ರಶ್ನೆಗೆ. ಹೆಚ್ಚಿನವರು ಎಡವುವುದು ಇಲ್ಲೇ. "ತಂಗಿ ಧಾರವಾಡದಲ್ಲಿ ಓದ್ತಾ ಇದ್ದಾಳೆ" ಎಂದು ಅವರು ಹೇಳುವುದೇ ತಡ, "ನಾನೂ ಅಲ್ಲೇ ಓದಿದ್ದು" ಎಂದು ಹತ್ತು ನಿಮಿಷ ಸ್ವಂತ ಪುರಾಣ ಶುರು. ಅವರ ಉತ್ತರದ ಒಂದು ಶಬ್ದ ಹಿಡಿದುಕೊಳ್ಳಿ: "ಧಾರವಾಡಕ್ಕೆ ಹೊಂದಿಕೊಂಡಳಾ?" ಹಾಗೆಂದು ಯಾವೂರು, ಯಾರ ಮನೆ, ತೋಟ ಎಷ್ಟು ಎಕರೆ ಎಂದು ಸಾಲಾಗಿ ಕೇಳಿದರೆ ಹೆಣ್ಣು ನೋಡಲಿಕ್ಕೆ ಬಂದವರ ಹಾಗಾಗುತ್ತದೆ.

ನಮ್ಮ ಕಡೆ ಇದಕ್ಕೆಲ್ಲ ಪುಕ್ಕಟೆ ತರಗತಿಯೊಂದಿದೆ: ಮದುವೆಮನೆಯ ಪಂಕ್ತಿ. ನಾಚಿಕೆ ಸ್ವಭಾವದವರು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುವ ಬದಲು ಟವೆಲ್ ಸುತ್ತಿಕೊಂಡು ಬಡಿಸಲಿಕ್ಕೆ ಇಳಿಯಬೇಕು. ಅನ್ನ, ಸಾರು ಬೇಡ, ಅದರಲ್ಲಿ ಓಟವೇ ಜಾಸ್ತಿ. ಮಾವಿನಕಾಯಿಯ ಅಪ್ಪೆಹುಳಿ ಅಥವಾ ಸಿಹಿ ತೆಗೆದುಕೊಳ್ಳಿ. ಪ್ರತಿ ಎಲೆಯ ಎದುರೂ ನಿಲ್ಲಬೇಕು, ಮುಖ ನೋಡಬೇಕು, "ಇನ್ನೊಂದು ಸೌಟು?" ಅನ್ನಬೇಕು. ಒಂದು ಪಂಕ್ತಿಗೆ ಐವತ್ತು ಜನ ಕೂತರೆ ಐವತ್ತು ಸಲ. ಕೈಗೆ ಕೆಲಸವಿರುವುದರಿಂದ ಕೈ ಎಲ್ಲಿಡಲಿ ಎನ್ನುವ ಸಂಕಟವೂ ಇಲ್ಲ. ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರನ್ನು ಬಿಟ್ಟು ಮುಂದೆ ಹೋಗುವ ಅಭ್ಯಾಸ ಆಮೇಲೂ ಬೇಕಾಗುತ್ತದೆ.

7ನೇ ವಾರದಿಂದ ವಾರವಾರ ಸೇರುವ ಗುಂಪೊಂದರಲ್ಲಿರಿ: ಯಕ್ಷಗಾನದ ತಾಳಾಭ್ಯಾಸವೋ, ನಾಟಕದ ತಾಲೀಮೋ. ಎರಡು ವರ್ಷಕ್ಕೊಮ್ಮೆಯ ಶಿರಸಿ ಮಾರಿಕಾಂಬಾ ಜಾತ್ರೆ ನೆಚ್ಚಿ ಕೂರಬೇಡಿ. ಆ ಗದ್ದಲದಲ್ಲಿ ಹೇಳಿದ್ದು ಕೇಳುವುದೂ ಇಲ್ಲ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಒಬ್ಬಳೇ ನಡೆಯುವವಳನ್ನು ಅಡ್ಡಗಟ್ಟಿ ಮಾತಾಡಿಸುವುದು ಬೇಡವೇ ಬೇಡ. ಅವಳಿಗೆ ಹೆದರಿಕೆ; ಊರು ಸಣ್ಣದು, ಸುದ್ದಿ ನಿಮಗಿಂತ ಮೊದಲು ನಿಮ್ಮ ಮನೆ ಮುಟ್ಟುತ್ತದೆ. ಗುಂಪಿನಲ್ಲಾದರೆ ನೀವು ಉಳಿದವರ ಹತ್ತಿರ ಹೇಗಿರುತ್ತೀರಿ ಎಂದು ಅವಳೂ ನಾಲ್ಕಾರು ವಾರ ನೋಡಿರುತ್ತಾಳೆ.

ಕರೆಯುವುದಾದರೆ ದಿನ, ಹೊತ್ತು, ಅವಧಿ ಮೂರೂ ಇರಲಿ, ಬೇಡ ಅನ್ನಲಿಕ್ಕೆ ದಾರಿಯೂ ಇರಲಿ: "ಶನಿವಾರ ತಾಲೀಮು ಮುಗಿದ ಮೇಲೆ ಅರ್ಧ ತಾಸು ಚಾ ಕುಡಿಯುವಾ? ಆಗದಿದ್ದರೆ ಅಡ್ಡಿಲ್ಲ." "ಯಾವಾಗಾದರೂ ಸಿಗುವಾ" ಎಂದರೆ ಯಾವಾಗಲೂ ಸಿಗುವುದಿಲ್ಲ. "ನೋಡ್ವ" ಎಂಬ ಉತ್ತರ ಬಂದರೆ ನಮ್ಮಲ್ಲಿ ಹೆಚ್ಚಾಗಿ ಅದರರ್ಥ ಇಲ್ಲ ಎಂದೇ. ಇನ್ನೊಮ್ಮೆ ಕೇಳಬೇಡಿ, ಮುಂದಿನ ವಾರ ಎಂದಿನಂತೆ ತಾಳ ಹಾಕಿ. ವಾಟ್ಸಾಪಿನಲ್ಲೂ ಅಷ್ಟೇ: ಉತ್ತರ ಬಾರದ ಒಂದು ಮೆಸೇಜಿನ ಮೇಲೆ ಮತ್ತೊಂದು ಬೇಡ.

ಭಾನುವಾರ 10 ನಿಮಿಷ ಲೆಕ್ಕ ನೋಡಿ. ಮೊದಲ ಹಂತದಲ್ಲಿ ವಾರಕ್ಕೆ 14ರಲ್ಲಿ 8 ಮಾತುಕತೆಯೂ ಆಗಿಲ್ಲವೆಂದರೆ ಮುಂದಕ್ಕೆ ಹೋಗದೆ ಅದೇ ವಾರ ಪುನಃ ಮಾಡಿ. 12 ವಾರ 16 ಆದರೂ ಯಾರೂ ಕೇಳುವವರಿಲ್ಲ.